ಕರೆಂಟು ಹೋದರೆ, ಬಾವಿ ಕೆಟ್ಟರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲದ ತಯಾರಿ ಕುರಿತು ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಇನ್ವರ್ಟರ್ ಮತ್ತು ಬಾವಿಯವು. ಯಾವ ಕಂಪನಿಯದು ಕೊಳ್ಳಬೇಕು ಎಂಬ ಪ್ರಶ್ನೆಗಳನ್ನು ಕೈಬಿಟ್ಟಿದ್ದೇವೆ. ಮನೆಯಲ್ಲಿ ಈಗಾಗಲೇ ಇರುವುದು ಎಷ್ಟು ಹೊತ್ತಿಗೆ, ಎಷ್ಟು ಜನಕ್ಕೆ ಸಾಕಾಗುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಅಂಗಡಿಗೆ ಆಮೇಲೆ ಹೋದರಾಯಿತು.

ನಮ್ಮದು ತೋಟದ ಮನೆ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಹಾಕಿಸಿ ಮೂರು ವರ್ಷವಾಯಿತು. ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟಿರುವುದಿಲ್ಲ. ಮೊದಲು ರಾತ್ರಿಯಿಡೀ ಬರುತ್ತಿತ್ತು, ಈಗ ಎರಡು ತಾಸಿಗೆ ಕೂಗಿಕೊಂಡು ಆಫ್ ಆಗುತ್ತದೆ. ಇನ್ನೊಂದು ಬ್ಯಾಟರಿ ಜೋಡಿಸಲೇ? (ಕೊಪ್ಪದ ಓದುಗರು)

ಜೋಡಿಸಬೇಡಿ. ಒಂದು ಬ್ಯಾಟರಿಯ ಇನ್ವರ್ಟರಿನಲ್ಲಿರುವ ಚಾರ್ಜರ್ ಒಂದೇ ಬ್ಯಾಟರಿಗೆ ಅಳೆದಿಟ್ಟದ್ದು. ಎರಡನ್ನು ತುಂಬುವಷ್ಟು ಹೊತ್ತು ನಿಮ್ಮಲ್ಲಿ ಕರೆಂಟೇ ಇರುವುದಿಲ್ಲ. ಅದೂ ಅಲ್ಲದೆ, ಸೋತ ಬ್ಯಾಟರಿಯ ಪಕ್ಕ ಹೊಸದನ್ನು ಕಟ್ಟಿದರೆ ಹೊಸದೂ ಬೇಗ ಸೋಲುತ್ತದೆ.

ಲೆಕ್ಕ ಹೀಗೆ: 12 ವೋಲ್ಟ್, 150 ಎಎಚ್ ಎಂದರೆ ಕಾಗದದ ಮೇಲೆ 1800 ವ್ಯಾಟ್-ಅವರ್. ಇನ್ವರ್ಟರ್ ತಿನ್ನುವ ಪಾಲು ಕಳೆದು, ಬ್ಯಾಟರಿ ಪೂರ್ತಿ ಬರಿದಾಗುವ ಮುಂಚೆಯೇ ಅದು ನಿಲ್ಲುವುದನ್ನೂ ಕಳೆದರೆ ಕೈಗೆ ಸಿಗುವುದು ಸುಮಾರು 1200. ಹಳೆಯ ಮಾದರಿಯ ನಾಲ್ಕು ಫ್ಯಾನಿಗೆ 300 ವ್ಯಾಟ್, ಆರು ಎಲ್‌ಇಡಿ ಬಲ್ಬಿಗೆ 54, ಟಿವಿ ಮತ್ತು ವೈಫೈ ರೂಟರಿಗೆ 90. ಹೀಗೆ 440 ವ್ಯಾಟ್ ಎಳೆದರೆ ಹೊಸ ಬ್ಯಾಟರಿಯೂ ಮೂರು ತಾಸು ಬರುವುದಿಲ್ಲ. ಮೂರು ಬಲ್ಬು, ರೂಟರ್, ಒಂದು ಫೋನ್ ಚಾರ್ಜರ್ ಮಾತ್ರ ಇದ್ದರೆ, ಇನ್ವರ್ಟರ್ ಸುಮ್ಮನೆ ಆನ್ ಆಗಿರುವುದಕ್ಕೇ ತಿನ್ನುವುದನ್ನು ಸೇರಿಸಿದರೂ 70 ವ್ಯಾಟ್. ಅದಕ್ಕೆ 17 ತಾಸು. ಮಲಗುವಾಗ ಇನ್ವರ್ಟರನ್ನೇ ಆಫ್ ಮಾಡಿದರೆ ಒಂದು ಹಗಲು-ರಾತ್ರಿ ದಾಟಿ ಮರುದಿನಕ್ಕೂ ಕೊಂಚ ಉಳಿಯುತ್ತದೆ. ಜುಲೈ ತಿಂಗಳ ಕೊಪ್ಪದಲ್ಲಿ ಫ್ಯಾನ್ ತಿರುಗುವುದು ಬಟ್ಟೆ ಒಣಗಿಸಲು ಎಂಬುದು ನಮಗೂ ಗೊತ್ತು. ಆ ಕೆಲಸ ಕರೆಂಟು ಬಂದ ಮೇಲೆ ಆಗಲಿ. ಒಂದು ಫ್ಯಾನ್ ಬೇಕೇಬೇಕೆಂದಾದರೆ 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನನ್ನು ಮಾತ್ರ ಇನ್ವರ್ಟರ್ ಲೈನಿಗೆ ಕೊಡಿಸಿ.

ಮೂರು ವರ್ಷಕ್ಕೇ ಎರಡು ತಾಸಿಗೆ ಇಳಿದದ್ದಕ್ಕೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ಮೊದಲನೆಯದು, ಬ್ಯಾಟರಿ ಯಾವತ್ತೂ ಪೂರ್ತಿ ತುಂಬದೇ ಇರುವುದು. ಇನ್ವರ್ಟರಿನ ಹಿಂಬದಿ ಅಥವಾ ಮುಂಬದಿಯಲ್ಲಿ ಯುಪಿಎಸ್ ಮೋಡ್, ಇಕೋ ಅಥವಾ ನಾರ್ಮಲ್ ಮೋಡ್ ಎಂಬ ಸಣ್ಣ ಸ್ವಿಚ್ ಇರುತ್ತದೆ. ಯುಪಿಎಸ್ ಮೋಡಿನಲ್ಲಿದ್ದರೆ ಸುಮಾರು 180 ವೋಲ್ಟಿಗಿಂತ ಕೆಳಗಿನ ಕರೆಂಟನ್ನು ಅದು ಕರೆಂಟೆಂದೇ ಎಣಿಸುವುದಿಲ್ಲ. ಊರ ಕೊನೆಯ ಮನೆಗಳಿಗೆ ಸಂಜೆ ಬರುವುದೇ 160, 170 ವೋಲ್ಟ್. ಲೈನಿನಲ್ಲಿ ಕರೆಂಟಿರುವಾಗಲೂ ಬ್ಯಾಟರಿ ಖಾಲಿಯಾಗುತ್ತಿರುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್ ಇಲ್ಲದ ಮನೆಯಲ್ಲಿ ಸ್ವಿಚ್ ಇಕೋದಲ್ಲೇ ಇರಲಿ. ಖಾಲಿ ಬ್ಯಾಟರಿ ತುಂಬಲು ಹತ್ತರಿಂದ ಹದಿನಾಲ್ಕು ತಾಸು ಬೇಕು. ಅರ್ಧ ತುಂಬಿದ ಸ್ಥಿತಿಯಲ್ಲೇ ವಾರಗಟ್ಟಲೆ ಕಳೆದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿ ಕೂರುತ್ತದೆ, ಆ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಎರಡನೆಯದು ನೀರು. ಆರು ಮುಚ್ಚಳಗಳ ಮೇಲಿನ ತೇಲುಕಡ್ಡಿ ಕೆಂಪಿಗೆ ಇಳಿದಿದ್ದರೆ ಬ್ಯಾಟರಿಗೆಂದೇ ಮಾರುವ ಡಿಸ್ಟಿಲ್ಡ್ ವಾಟರ್ ಹಾಕಿ. ಬಾವಿ ನೀರು, ಹಿಡಿದಿಟ್ಟ ಮಳೆನೀರು, ಫಿಲ್ಟರ್ ನೀರು ಯಾವುದೂ ಆಗದು. ಆ್ಯಸಿಡ್ ಅಂತೂ ಹಾಕಲೇಬೇಡಿ, ಆರಿಹೋದದ್ದು ನೀರು ಮಾತ್ರ. ಚಾರ್ಜ್ ಆಗುವಾಗ ಒಳಗಿನ ಮಟ್ಟ ಏರುವುದರಿಂದ ಪೂರ್ತಿ ಚಾರ್ಜ್ ಆದ ಮೇಲೆ ಹಸಿರು ಗೆರೆಯವರೆಗೆ ತುಂಬಿಸಬೇಕು. ಪ್ಲೇಟ್ ಹೊರಗೆ ಕಾಣುವಷ್ಟು ಇಳಿದಿದ್ದರೆ ಮೊದಲು ಪ್ಲೇಟ್ ಮುಳುಗುವಷ್ಟು ಹಾಕಿ ಚಾರ್ಜ್ ಮಾಡಿ, ಉಳಿದದ್ದನ್ನು ಆಮೇಲೆ ಹಾಕಿ. ಟರ್ಮಿನಲ್ಲಿಗೆ ಹತ್ತಿದ ಬಿಳಿ-ನೀಲಿ ಪುಡಿಯನ್ನು ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಒರೆಸಿ ತೆಗೆಯಿರಿ. ಆ ಹೊತ್ತಿನಲ್ಲಿ ಇನ್ವರ್ಟರ್ ಆಫ್ ಇರಲಿ, ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಒಳಗಿಳಿದರೆ ಆ್ಯಸಿಡ್ ಸತ್ತಂತೆ. ನಟ್ಟು ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ, ಮೊದಲಲ್ಲ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿಕೊಳ್ಳಿ, ಕೈಯ ಉಂಗುರ, ಬಳೆ ತೆಗೆದಿಡಿ. ಎರಡೂ ಟರ್ಮಿನಲ್ಲಿಗೆ ಒಟ್ಟಿಗೆ ತಾಗಿದ ಲೋಹ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ.

ಇಷ್ಟು ಮಾಡಿ, ಒಂದು ದಿನ ಪೂರ್ತಿ ಚಾರ್ಜ್ ಮಾಡಿ, ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ಆರೂ ಸೆಲ್ ನೋಡಿಸಿ. ಎಲ್ಲವೂ 1240ರ ಆಸುಪಾಸಿನಲ್ಲಿದ್ದರೆ ಬ್ಯಾಟರಿ ಚೆನ್ನಾಗಿದೆ, ದೋಷ ನಿಮ್ಮ ಲೋಡಿನದ್ದು. ಐದು ಸರಿಯಿದ್ದು ಒಂದು ಮಾತ್ರ 1180, 1190ರಲ್ಲೇ ನಿಂತಿದ್ದರೆ ಆ ಸೆಲ್ ಹೋಗಿದೆ. ಅಂಥ ಬ್ಯಾಟರಿಗೆ ಇನ್ನು ದುಡ್ಡು ಹಾಕಬೇಡಿ.

ನೆರೆ ನೀರು ಬಾವಿಗೆ ನುಗ್ಗಿತ್ತು. ಇಳಿದ ಮೇಲೆ ಪಕ್ಕದ ಮನೆಯವರು ಒಂದು ಕಿಲೋ ಬ್ಲೀಚಿಂಗ್ ಪೌಡರ್ ಸುರಿದರು. ನೀರು ಬಾಯಿಗೆ ಇಡಲಾಗದಷ್ಟು ವಾಸನೆ. ಸರಿಯಾದ ಅಳತೆ ಯಾವುದು? (ಕುಮಟಾದ ಓದುಗರು)

ಮೊದಲು ಬಾವಿಯ ನೀರನ್ನು ಅಳೆಯಿರಿ. ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಬಂದದ್ದು ಘನ ಮೀಟರ್, ಅದನ್ನು ಸಾವಿರದಿಂದ ಗುಣಿಸಿದರೆ ಲೀಟರ್. ಎರಡು ಮೀಟರ್ ಅಗಲ, ನಾಲ್ಕು ಮೀಟರ್ ನೀರು ಇರುವ ಬಾವಿಯಲ್ಲಿ ಸುಮಾರು 12,560 ಲೀಟರ್. ಆಳಕ್ಕೆ ಹಗ್ಗದ ತುದಿಗೆ ಕಲ್ಲು ಕಟ್ಟಿ ಬಿಟ್ಟರೆ ಸಾಕು, ಒದ್ದೆಯಾದಷ್ಟು ಹಗ್ಗವೇ ನೀರಿನ ಆಳ.

ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು. ಈ ಬಾವಿಗೆ ಸುಮಾರು 31 ಗ್ರಾಂ. ನಿಮ್ಮ ಬಾವಿ ಇಷ್ಟೇ ದೊಡ್ಡದಾದರೆ ಒಂದು ಕಿಲೋ ಎಂದರೆ ಮೂವತ್ತು ಪಾಲಿಗಿಂತ ಹೆಚ್ಚಾಯಿತು. ಗಾಬರಿ ಬೇಡ. ಬಾವಿಯ ಬಾಯಿ ತೆರೆದಿಡಿ, ಬಿಸಿಲು ಗಾಳಿಗೆ ಕ್ಲೋರಿನ್ ಕೆಲವು ದಿನದಲ್ಲಿ ಹಾರಿಹೋಗುತ್ತದೆ. ಸ್ವಲ್ಪ ಸ್ವಲ್ಪ ನೀರು ಎತ್ತಿ ಚೆಲ್ಲುತ್ತಿದ್ದರೆ ಇನ್ನೂ ಬೇಗ. ಅಲ್ಲಿಯವರೆಗೆ ಕುಡಿಯಲು ಬೇರೆ ನೀರು ನೋಡಿಕೊಳ್ಳಿ.

ನೆರೆ ಹೊಕ್ಕ ಬಾವಿಗೆ ಪುಡಿ ಹಾಕುವುದೇ ಮೊದಲ ಕೆಲಸವಲ್ಲ. ಮುಳುಗಿದ್ದ ಮೋಟಾರನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಆನ್ ಮಾಡಬೇಡಿ. ಕೆಸರು ನೀರನ್ನು ತೆಗೆಯಬೇಕು, ಆದರೆ ಒಂದೇ ಸಲಕ್ಕೆ ಪೂರ್ತಿ ಬರಿದು ಮಾಡಬೇಡಿ. ಸುತ್ತಲಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ, ಒಳಗಿನ ನೀರಿನ ಒತ್ತಡ ಹೋದೊಡನೆ ರಿಂಗು, ಕಲ್ಲುಕಟ್ಟು ಒಳಕ್ಕೆ ಕುಸಿಯುತ್ತದೆ. ಅರ್ಧ ಎತ್ತಿ, ಬಿಟ್ಟು, ಮರುದಿನ ಮತ್ತೆ ಎತ್ತಿ. ನೀರು ತಕ್ಕಮಟ್ಟಿಗೆ ತಿಳಿಯಾದ ಮೇಲೆ ಕ್ಲೋರಿನ್. ಕೆಸರು ಇದ್ದಾಗ ಹಾಕಿದ ಕ್ಲೋರಿನ್ ಕೆಸರಿನ ಕೊಳೆಗೇ ಖರ್ಚಾಗುತ್ತದೆ, ರೋಗಾಣುವಿನವರೆಗೆ ಮುಟ್ಟುವುದಿಲ್ಲ. ಹಾಗಾಗಿ ನೆರೆಯ ನಂತರ ಮೊದಲ ಸಲ ದುಪ್ಪಟ್ಟು, ಅಂದರೆ ಸಾವಿರ ಲೀಟರಿಗೆ 5 ಗ್ರಾಂ ಹಾಕಿ.

ಪುಡಿಯನ್ನು ನೇರ ಬಾವಿಗೆ ಎರಚಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನಂತೆ ಕಲಸಿ, ಗಂಟು ಒಡೆದು, ಮುಕ್ಕಾಲು ಬಕೆಟ್ ನೀರು ಸೇರಿಸಿ ಕದಡಿ. ಹತ್ತು ನಿಮಿಷ ಬಿಟ್ಟರೆ ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಎಳೆದಾಡಿ. ತಳದ ಸುಣ್ಣವನ್ನು ಹೊರಗೆ ಚೆಲ್ಲಿ, ಬಾವಿಗೆ ಹೋದರೆ ನೀರು ಗಡುಸಾಗುತ್ತದೆ. ಕನಿಷ್ಠ ಒಂದು ತಾಸು ಯಾರೂ ನೀರು ಎತ್ತಬಾರದು. ಸಂಜೆ ಹಾಕಿ ಬೆಳಿಗ್ಗೆ ಬಳಸುವುದು ಅನುಕೂಲ. ಒಂದು ತಾಸಿನ ನಂತರ ಕ್ಲೋರಿನ್ ಕಿಟ್ಟಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ತೋರಿಸಬೇಕು. ಗ್ರಾಮ ಪಂಚಾಯಿತಿ ಅಥವಾ ಆರೋಗ್ಯ ಕೇಂದ್ರದಲ್ಲಿ ಕಿಟ್ ಇದೆಯೇ ಕೇಳಿ. ಏನೂ ತೋರಿಸದಿದ್ದರೆ ಇನ್ನೊಮ್ಮೆ ಹಾಕಬೇಕು.

ಪುಡಿ ಹಳತಾದರೆ ಈ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಬಾಯಿ ತೆರೆದ ಚೀಲ ಮಳೆಗಾಲದಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಮೂಗಿಗೆ ಘಾಟು ಹೊಡೆಯದ, ಹೆಂಟೆ ಕಟ್ಟಿದ ಪುಡಿಯನ್ನು ಚರಂಡಿಗೆ ಹಾಕಿ. ಹೊಸದನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕತ್ತಲಲ್ಲಿಡಿ, ತಗಡಿನ ಡಬ್ಬಿ ತಿಂದುಹೋಗುತ್ತದೆ. ಪಾಯಿಖಾನೆ ತೊಳೆಯುವ ಆ್ಯಸಿಡ್ ಅದರ ಹತ್ತಿರವೂ ಸುಳಿಯಬಾರದು, ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ. ನೀರಿನ ಮೇಲೆ ಎಣ್ಣೆಯ ಬಣ್ಣದ ಪದರ ಕಂಡರೆ, ಅಥವಾ ಗೊಬ್ಬರ-ಕೀಟನಾಶಕದ ಕೊಟ್ಟಿಗೆಯ ಮೇಲಿಂದ ಹರಿದು ಬಂದ ನೆರೆಯಾಗಿದ್ದರೆ ಕ್ಲೋರಿನ್ನಾಗಲಿ ಕುದಿಸುವುದಾಗಲಿ ಉಪಯೋಗಕ್ಕಿಲ್ಲ. ಆ ನೀರನ್ನು ಪರೀಕ್ಷೆಗೆ ಕೊಟ್ಟು, ವರದಿ ಬರುವವರೆಗೆ ಕುಡಿಯಬೇಡಿ.

ಜನರೇಟರ್ ಮಳೆಗೆ ನೆನೆಯದಂತೆ ಜಗಲಿಯಲ್ಲಿಟ್ಟು ಓಡಿಸಬಹುದೇ? (ಮಡಿಕೇರಿಯ ಓದುಗರು)

ಬಾರದು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಂತಿ, ಮಂಪರು ಬಂದಾಗ ಜನ ಅದನ್ನು ಸುಸ್ತು ಎಂದುಕೊಂಡು ಮಲಗಿಬಿಡುತ್ತಾರೆ. ಮನೆಯಿಂದ ಕನಿಷ್ಠ 20 ಅಡಿ ದೂರ, ನಾಲ್ಕೂ ಕಡೆ ತೆರೆದ ತಗಡಿನ ಚಪ್ಪರದ ಕೆಳಗೆ, ಹೊಗೆಕೊಳವೆ ಮನೆಗೆ ಬೆನ್ನು ಮಾಡಿ ಇಡಿ. ಚಳಿಗೆ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚುವುದೂ ಇದೇ ಅಪಾಯ. ಇನ್ನೊಂದು ಮಾತು: ಎರಡೂ ತುದಿಗೆ ಪ್ಲಗ್ ಇರುವ ವಯರಿನಿಂದ ಗೋಡೆಯ ಸಾಕೆಟ್ಟಿಗೆ ಕರೆಂಟು ಕೊಡುವ ಅಭ್ಯಾಸ ಕೆಲವೆಡೆ ಇದೆ. ಆ ಕರೆಂಟು ಹೊರಗಿನ ಲೈನಿಗೂ ಹೋಗುತ್ತದೆ, ಕಂಬದ ಮೇಲಿರುವ ಲೈನ್‌ಮ್ಯಾನ್ ಸಾಯುತ್ತಾನೆ. ಚೇಂಜ್‌ಓವರ್ ಸ್ವಿಚ್ (ಲೈನ್ ಅಥವಾ ಜನರೇಟರ್, ಒಮ್ಮೆಗೆ ಒಂದನ್ನೇ ಮನೆಗೆ ಜೋಡಿಸುವ ಸ್ವಿಚ್) ಇಲ್ಲದೆ ಜನರೇಟರನ್ನು ಮನೆಯ ವೈರಿಂಗಿಗೆ ಸೇರಿಸಬೇಡಿ.

ಬೆಂಗಳೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ, ನಾಲ್ಕು ಜನ. ಎಷ್ಟು ನೀರು ಹಿಡಿದಿಡಬೇಕು? ಮಳೆಗಾಲದಲ್ಲೂ ಬೇಕೇ?

ಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ಜನ ಟ್ರಾಕ್ಟರ್ ಹತ್ತಿ ಮನೆ ಬಿಡುತ್ತಿದ್ದಾಗಲೇ ತೊರೆಕಾಡನಹಳ್ಳಿಯ ಕಾವೇರಿ ಪಂಪ್‌ಹೌಸಿಗೆ ನೀರು ನುಗ್ಗಿ ನಗರದ ನಲ್ಲಿಗಳು ಒಣಗಿದ್ದವು. ಬೀದಿ ತುಂಬ ನೀರು, ಕೊಡದಲ್ಲಿ ಇಲ್ಲ.

ಒಬ್ಬರಿಗೆ ದಿನಕ್ಕೆ 15 ಲೀಟರಿನಂತೆ ನಾಲ್ವರಿಗೆ ಮೂರು ದಿನಕ್ಕೆ 180 ಲೀಟರ್. ಅದರಲ್ಲಿ ಕುಡಿಯಲು, ಅಡುಗೆಗೆ 45 ಲೀಟರ್, ಅಂದರೆ 20 ಲೀಟರಿನ ಎರಡು ಕ್ಯಾನ್ ಮತ್ತು ಕೆಲವು ಬಾಟಲಿ. ಉಳಿದದ್ದು ಮುಚ್ಚಳವಿರುವ ಡ್ರಮ್ಮಿನಲ್ಲಿ. ಮುಚ್ಚಳವಿಲ್ಲದ ಡ್ರಮ್ಮಿನಲ್ಲಿ ವಾರ ಹತ್ತು ದಿನದಲ್ಲಿ ಡೆಂಗಿ ಸೊಳ್ಳೆ ಹುಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಬದಿ ತಿಕ್ಕಿ ಒಣಗಿಸಿ ತುಂಬಿ.

ಆರ್‌ಒ ಮತ್ತು ಯುವಿ ಫಿಲ್ಟರುಗಳು ಕರೆಂಟಿಲ್ಲದೆ ಕೆಲಸ ಮಾಡುವುದಿಲ್ಲ. ಮೆಡಿಕಲ್ ಅಂಗಡಿಯಿಂದ ಒಂದು ಪಟ್ಟಿ ಕ್ಲೋರಿನ್ ಮಾತ್ರೆ ತಂದಿಡಿ, ಯಾವುದು ಎಷ್ಟು ಲೀಟರಿಗೆ ಎಂದು ಪಟ್ಟಿಯ ಮೇಲೇ ಇರುತ್ತದೆ. ಅಥವಾ ನೀರನ್ನು ಕುದಿಸಿ. ತಳದಲ್ಲಿ ಗುಳ್ಳೆ ಕಂಡರೆ ಸಾಲದು, ಮೇಲೆಲ್ಲ ಉಕ್ಕಿ ಮರಳಿದ ಮೇಲೆ ಒಂದು ನಿಮಿಷ. ನೆಲದಡಿಯ ಸಂಪಿನೊಳಕ್ಕೆ ಬೀದಿಯ ನೀರು ಇಳಿದಿದೆ ಎಂಬ ಅನುಮಾನ ಬಂದರೆ ಮೋಟಾರ್ ಹಾಕದಂತೆ ಮಾಲೀಕರಿಗೆ ಹೇಳಿ. ಒಮ್ಮೆ ಮೇಲಿನ ಟ್ಯಾಂಕಿಗೆ ಹತ್ತಿದರೆ ಇಡೀ ಕಟ್ಟಡದ ಪೈಪು ಕೆಡುತ್ತದೆ. ಕಮೋಡಿಗೆ ಮಗ್ಗಿನಲ್ಲಿ ಹತ್ತು ಸಲ ಸುರಿದರೆ ಕೆಳಗಿಳಿಯುವುದಿಲ್ಲ, ಐದಾರು ಲೀಟರನ್ನು ಬಕೆಟ್ಟಿನಿಂದ ಒಂದೇ ಸಲ ಸುರಿಯಿರಿ. ಬಟ್ಟೆ ಹಿಂಡಿದ ನೀರು ಇದಕ್ಕೆ ಸಾಕು.

ಅಮ್ಮನಿಗೆ ಇನ್ಸುಲಿನ್ ಬೇಕು. ಎರಡು ದಿನ ಕರೆಂಟಿಲ್ಲದಿದ್ದರೆ ಫ್ರಿಜ್ಜಿನಲ್ಲಿದ್ದದ್ದು ಹಾಳಾಗುತ್ತದೆಯೇ? ಮಣ್ಣಿನ ಮಡಕೆಯಲ್ಲಿಡಿ ಎನ್ನುತ್ತಾರೆ. (ಸಾಗರದ ಓದುಗರು)

ನೀವು ಹೆದರಿದಷ್ಟು ಅಪಾಯವಿಲ್ಲ. ಹೆಚ್ಚಿನ ಇನ್ಸುಲಿನ್‌ಗಳು 25ರಿಂದ 30 ಡಿಗ್ರಿಯೊಳಗೆ ಹೊರಗಿಟ್ಟರೂ ಸಾಮಾನ್ಯವಾಗಿ 28 ದಿನ ಕೆಡುವುದಿಲ್ಲ. ನಿಮ್ಮದಕ್ಕೆ ಎಷ್ಟು ದಿನ ಎಂಬುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿದೆ. ಜಡಿಮಳೆಯ ದಿನಗಳಲ್ಲಿ ಸಾಗರದ ಮನೆಯೊಳಗೆ 30 ಡಿಗ್ರಿ ದಾಟುವುದು ಅಪರೂಪ. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ನಾಲ್ಕು ತಾಸು ತಂಪು ಉಳಿಯುತ್ತದೆ. ಆಮೇಲೆ ತೆಗೆದು, ಒಲೆ ಮತ್ತು ಕಿಟಕಿಯಿಂದ ದೂರದ ಕತ್ತಲೆ ಮೂಲೆಯಲ್ಲಿಟ್ಟು, ಹೊರತೆಗೆದ ತಾರೀಖನ್ನು ಶೀಶೆಯ ಮೇಲೆ ಬರೆಯಿರಿ. ದಿನದ ಎಣಿಕೆ ಅಲ್ಲಿಂದ ಶುರು.

ಒಂದರೊಳಗೊಂದು ಮಡಕೆಯಿಟ್ಟು ನಡುವೆ ಒದ್ದೆ ಮರಳು ತುಂಬುವ ಉಪಾಯ ರಾಯಚೂರು, ಬಳ್ಳಾರಿಯ ಬೇಸಿಗೆಗೆ ಚೆನ್ನ. ಅಲ್ಲಿ ಒಣ ಗಾಳಿಗೆ ನೀರು ಆರುತ್ತದೆ, ಆರಿದಂತೆ ಮಡಕೆ ತಣ್ಣಗಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಆರುವುದೇನಿದೆ? ಮಂಜುಗಡ್ಡೆಗೆ ತಾಗಿಸಿ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಕೆಲಸ ಮಾಡುವುದಿಲ್ಲ. ತಿಳಿಯಾಗಿರಬೇಕಾದದ್ದು ಮಬ್ಬಾದರೆ, ಮಬ್ಬಾಗಿರುವ ಬಗೆಯದ್ದು ಅಂಗೈಯಲ್ಲಿ ಉರುಳಿಸಿದರೂ ಗರಣೆ ಬಿಡದಿದ್ದರೆ ಎಸೆಯಿರಿ. ಜೂನಿಗೆ ಮುಂಚೆ ಎರಡು ವಾರದ ಹೆಚ್ಚುವರಿ ಔಷಧಿ, ಸೂಜಿ, ಸಕ್ಕರೆ ಪರೀಕ್ಷೆಯ ಪಟ್ಟಿ ಮನೆಯಲ್ಲಿರಲಿ.

ನಮ್ಮ ಮನೆ ಘಟಪ್ರಭೆಯ ದಂಡೆಯಲ್ಲಿದೆ. 2019ರ ಆಗಸ್ಟಿನಂತೆ ಮತ್ತೆ ಹೊಳೆ ಬಂದರೆ ಕಾಳಜಿ ಕೇಂದ್ರಕ್ಕೆ ಹೋಗಬೇಕು. ಬೇಯಿಸದೆ ತಿನ್ನುವಂಥದ್ದು ಏನು ಕಟ್ಟಿಕೊಳ್ಳಬೇಕು? ಮನೆಯ ಜೋಳ, ಗೋಧಿಯ ಗತಿಯೇನು? (ಗೋಕಾಕದ ಓದುಗರು)

ಖಡಕ್ ರೊಟ್ಟಿಯ ಸೀಮೆಯವರಿಗೆ ನಾವು ಹೊಸದಾಗಿ ಹೇಳುವುದು ಕಡಿಮೆ. ಐದು ಜನಕ್ಕೆ ಮೂರು ದಿನಕ್ಕೆ 60 ರೊಟ್ಟಿ, ಅರ್ಧ ಕಿಲೋ ಶೇಂಗಾ ಚಟ್ನಿ, ಒಂದೂವರೆ ಕಿಲೋ ಅವಲಕ್ಕಿ, ಪುಠಾಣಿ ಮತ್ತು ಬೆಲ್ಲ ಒಂದೊಂದು ಕಿಲೋ. ರೊಟ್ಟಿ ಮುರಿದಾಗ ನಡುವೆಯೂ ಟಪ್ಪೆಂದು ಸದ್ದು ಬರಬೇಕು. ಅಂಚು ಒಣಗಿ ನಡು ಮೆತ್ತಗಿದ್ದರೆ ಡಬ್ಬಿಯಲ್ಲಿ ಅಲ್ಲಿಂದಲೇ ಬೂಷ್ಟು ಶುರುವಾಗಿ ಉಳಿದವಕ್ಕೂ ಹಬ್ಬುತ್ತದೆ. ಪೂರ್ತಿ ಆರಿದ ಮೇಲೆಯೇ ಮುಚ್ಚಿ. ಚಟ್ನಿಯ ಶೇಂಗಾ ತಿಂಗಳು ಕಳೆಯುವಷ್ಟರಲ್ಲಿ ಕಮಟು ಹಿಡಿಯುತ್ತದೆ, ಆದ್ದರಿಂದ ತಿನ್ನುತ್ತ ಹೊಸದು ಮಾಡುತ್ತ ಇರಿ. ನಾಲ್ಕಾರು ಓಆರ್‌ಎಸ್ ಪೊಟ್ಟಣ ಜೊತೆಗಿರಲಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿಲಿಗೆ. ದೊಡ್ಡದನ್ನು ಒಂದು ಲೋಟಕ್ಕೆ ಕಲಸಿ ಮಗುವಿಗೆ ಕುಡಿಸಿದರೆ ಭೇದಿ ಹೆಚ್ಚುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು.

ಕಾಳು ಚೀಲದಲ್ಲಿದ್ದರೆ ಉಳಿಯುವುದಿಲ್ಲ. ತಿರುಪು ಮುಚ್ಚಳದ ನೀಲಿ ಡ್ರಮ್ಮಿಗೆ ಹಾಕಿ ಮಾಳಿಗೆಗೆ ಏರಿಸಿ, ತೊಲೆಗೆ ಹಗ್ಗದಿಂದ ಕಟ್ಟಿ. ಗಾಳಿ ಉಳಿದ ಡ್ರಮ್ಮು ತೇಲಿ ಹೋಗುತ್ತದೆ. ತುಂಬುವ ಮುಂಚೆ ಎರಡು ದಿನ ಖಡಕ್ ಬಿಸಿಲಿಗೆ ಹರವಿ, ನೆರಳಿನಲ್ಲಿ ಪೂರ್ತಿ ಆರಿಸಬೇಕು. ಬಿಸಿಯಿರುವಾಗಲೇ ಮುಚ್ಚಿದರೆ ರಾತ್ರಿ ಮುಚ್ಚಳದ ಒಳಗೆ ಬೆವರಿ ಮೇಲಿನ ಪದರ ಮುಗ್ಗುತ್ತದೆ. ಒಣ ಬೇವಿನ ಎಲೆ ಹಾಕಬಹುದು. ಅಂಗಡಿಯಲ್ಲಿ ಕಾಳಿಗೆ ಇಡಲು ಕೊಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಾತ್ರ ಮನೆಯೊಳಗೆ ತರಬೇಡಿ. ತೇವ ತಾಗಿದೊಡನೆ ಅದರಿಂದ ಏಳುವ ಗಾಳಿ ಹುಳಕ್ಕಿಂತ ಮೊದಲು ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಕೊಲ್ಲಬಹುದು, ಅದಕ್ಕೆ ಮದ್ದಿಲ್ಲ. ನೆರೆಯಲ್ಲಿ ನೆನೆದ ಕಾಳನ್ನು ಒಣಗಿಸಿ ತಿನ್ನುವ ಯೋಚನೆ ಬೇಡ.

ಕಾಗದಪತ್ರಗಳನ್ನು ಎರಡು ಜಿಪ್ ಕವರಿನಲ್ಲಿ ಒಂದರೊಳಗೊಂದು ಇಟ್ಟು ರೊಟ್ಟಿಯ ಗಂಟಿನ ಜೊತೆಗೇ ಇಡಿ, ಹುಡುಕುವ ಹೊತ್ತು ಸಿಗುವುದಿಲ್ಲ. ಜಿಲ್ಲಾ ನಿಯಂತ್ರಣ ಕೊಠಡಿ 1077, ಆಂಬುಲೆನ್ಸ್ 108, ತುರ್ತಿಗೆ 112. ಇವನ್ನು ಗೋಡೆಯ ಮೇಲೂ ಬರೆದಿಡಿ.

ಗ್ಯಾಸ್ ವಾಸನೆ ಬಂದರೆ ಎಕ್ಸಾಸ್ಟ್ ಫ್ಯಾನ್ ಹಾಕಬಹುದೇ? (ಮೈಸೂರಿನ ಓದುಗರು)

ಹಾಕಬೇಡಿ, ಸ್ವಿಚ್ಚಿನ ಕಿಡಿಯೇ ಸಾಕು. ಆನ್ ಇದ್ದದ್ದನ್ನು ಆಫ್ ಕೂಡ ಮಾಡಬೇಡಿ. ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಕೂರುತ್ತದೆ. ಹಾಗಾಗಿ ಮೇಲಿನ ಕಿಟಕಿಗಿಂತ ಬಾಗಿಲು ಮುಖ್ಯ. ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಹೊಸ ಸಿಲಿಂಡರ್ ಬಂದಾಗ ವಾಲ್ವಿನೊಳಗೆ ಕಪ್ಪು ರಬ್ಬರ್ ರಿಂಗ್ ಇದೆಯೇ, ಸೀಳಿದೆಯೇ ನೋಡಿ, ರೆಗ್ಯುಲೇಟರ್ ಕೂರಿಸಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಗಮನಿಸಿ. ಕಿತ್ತಳೆ ಬಣ್ಣದ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಎಷ್ಟು ಗ್ಯಾಸ್ ಉಳಿದಿದೆ ಎಂದು ತಿಳಿಯಲು ಸಿಲಿಂಡರನ್ನು ತೂಗಿ, ಅದರ ಮೇಲೇ ಬರೆದಿರುವ ಖಾಲಿ ತೂಕವನ್ನು ಕಳೆಯಿರಿ. ತುಂಬಿದಾಗ ವ್ಯತ್ಯಾಸ 14.2 ಕಿಲೋ.

ಸ್ಪೈಕ್ ಗಾರ್ಡ್ ಇದ್ದರೆ ಗುಡುಗು-ಸಿಡಿಲಿಗೆ ಟಿವಿ ಪ್ಲಗ್ ಕೀಳಬೇಕೇ? (ಚಿತ್ರದುರ್ಗದ ಓದುಗರು)

ಕೀಳಬೇಕು. ಸ್ಪೈಕ್ ಗಾರ್ಡ್ ತಡೆಯುವುದು ಸಣ್ಣ ಏರುಪೇರನ್ನು. ಹತ್ತಿರ ಬಿದ್ದ ಸಿಡಿಲು ಅದನ್ನೂ ಸುಟ್ಟು ಟಿವಿಯನ್ನೂ ಸುಡುತ್ತದೆ. ಡಿಷ್ ಕೇಬಲನ್ನೂ ಸೆಟ್‌ಟಾಪ್ ಬಾಕ್ಸಿನಿಂದ ಬಿಡಿಸಿ. ಹೆಚ್ಚಿನವರು ಇದನ್ನು ಮರೆಯುತ್ತಾರೆ, ಎಷ್ಟೋ ಪೆಟ್ಟಿಗೆ ಆ ದಾರಿಯಲ್ಲೇ ಹೋಗುತ್ತವೆ. ಇದೆಲ್ಲ ಮೋಡ ಕಟ್ಟುವಾಗಲೇ ಆಗಬೇಕು, ಗುಡುಗು ತಲೆಯ ಮೇಲೆ ಬಂದಾಗ ಪ್ಲಗ್ಗಿಗೆ ಕೈ ಹಾಕಬೇಡಿ. ಹೊಲದಲ್ಲಿ ಇರುವವರಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮುನ್ಸೂಚನೆ ಕೊಡುತ್ತದೆ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೆ ಹೊರಗೆ ಬರಬೇಡಿ, ನಲ್ಲಿಯ ಕೆಳಗೆ ಪಾತ್ರೆ ತೊಳೆಯುವುದನ್ನೂ ಮುಂದೂಡಿ.